ಕಾಲೇಜಿನ ಈಮೇಲ್ ಐಡಿ

"ನಿಮ್ಮ ಈಮೇಲ್ ಐಡಿ ಹೇಳ್ರಿ."

ತಲೆಯೆತ್ತದೆಯೇ ಕೇಳಿದ್ದ ಅವನು.

ಪ್ರಾಜಕ್ತಾಳ ಕಿವಿ ಬಿಸಿಯಾಯಿತು. ಲ್ಯಾಪ್‌ಟಾಪ್ ತೋರಿಸಲು ಬಂದರೆ ಇವನಿಗೇಕೆ ನನ್ನ ಐಡಿ?

ಹೋದ ವರ್ಷ ರೀಚಾರ್ಜ್ ಅಂಗಡಿಯವನೊಬ್ಬ ಹೀಗೆಯೇ ನಂಬರು ಬರೆದುಕೊಂಡಿದ್ದ. ಅವನ ಮೆಸೇಜುಗಳ ಕಾಟಕ್ಕೆ ಕೊನೆಗೆ ಅವಳು ಸಿಮ್ಮನ್ನೇ ಬದಲಿಸಬೇಕಾಯಿತು.

"ಐಡಿ ಯಾಕ ಬೇಕ್ರಿ ನಿಮಗ?"

"ಕಾಲೇಜಿನ..."

"ಇವತ್ತ ಐಡಿ, ನಾಳೆ ನಂಬರ್, ನಾಡದು ಫೋಟೋ! ಗೊತ್ತೈತ್ರಿ ನಿಮ್ಮಂಥವರ ಆಟ!"

ಪಕ್ಕದ ಚಹಾದಂಗಡಿಯ ರಾಯಪ್ಪ ಕಪ್ಪು ಇಡಲು ಬಂದವನು ಹಾಗೆಯೇ ನಿಂತುಬಿಟ್ಟ.

ಆಗ ತಲೆಯೆತ್ತಿದ ಸಿದ್ಧಲಿಂಗ. ಗಡಹಿಂಗ್ಲಜದ ಬಸ್ ಸ್ಟ್ಯಾಂಡಿನ ಎದುರು ಲ್ಯಾಪ್‌ಟಾಪ್ ರಿಪೇರಿಯ ಈ ಚಿಕ್ಕ ಅಂಗಡಿ ಅವನದು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಏನೋ ಹೇಳಲು ತೆರೆದ ತುಟಿ ಹಾಗೆಯೇ ಮುಚ್ಚಿಕೊಂಡಿತು. ಲ್ಯಾಪ್‌ಟಾಪನ್ನು ಮೆತ್ತಗೆ ಮಡಚಿ ಅವಳ ಕಡೆ ಸರಿಸಿದ.

ಕೆಲವರ ಮೌನ ತಪ್ಪೊಪ್ಪಿಗೆಯಂತೆ ಕಾಣುತ್ತದೆ. ಅದು ಗೌರವವೂ ಆಗಿರಬಹುದೆಂದು ಸಿಟ್ಟಿನ ಗಳಿಗೆಯಲ್ಲಿ ಯಾರಿಗೆ ಹೊಳೆಯುತ್ತದೆ?

ಪ್ರಾಜಕ್ತಾ ಹಿಂತಿರುಗಿ ನೋಡದೆ ತನ್ನೂರು ಮಹಾಗಾಂವದ ಬಸ್ ಹತ್ತಿದಳು. "ರೀ... ಪೆನ್‌ಡ್ರೈವ್..." ಎಂದು ಅವನು ಕೂಗಿದ್ದು ಬಸ್ಸಿನ ಸದ್ದಿನಲ್ಲಿ ಮುಳುಗಿಹೋಯಿತು.

ಅವಳ ಕಷ್ಟ ಸಣ್ಣದಾಗಿರಲಿಲ್ಲ. ಕೊಲ್ಹಾಪುರದಲ್ಲಿ ಎಂ.ಎ. ಕೊನೆಯ ವರ್ಷ. ಪ್ರಾಜೆಕ್ಟ್ ಒಪ್ಪಿಸಲು ಉಳಿದಿದ್ದು ಹದಿನೆಂಟೇ ದಿನ. ಇಚಲಕರಂಜಿಯ ಮಗ್ಗಗಳಿಗೆ ಕಾಂಡಿ, ಎಂದರೆ ನೂಲಿನ ಸುರುಳಿ, ಸುತ್ತಿಕೊಡುವ ನಲವತ್ತು ಹೆಂಗಸರ ಮಾತನ್ನು ಆರು ತಿಂಗಳು ಅಲೆದು ಬರೆದುಕೊಂಡಿದ್ದಳು. ಅಷ್ಟರಲ್ಲಿ ಹಳೆಯ ಲ್ಯಾಪ್‌ಟಾಪಿನಲ್ಲಿದ್ದ ಆಫೀಸ್ ಸಾಫ್ಟ್‌ವೇರಿನ ಮುದತ್ತು ಮುಗಿಯಿತು! ಫೈಲು ತೆರೆಯುತ್ತಿತ್ತು, ಒಂದಕ್ಷರ ಸೇರಿಸಲು ಬಿಡುತ್ತಿರಲಿಲ್ಲ. ಹೊಸದಾಗಿ ಕೊಳ್ಳಲು ಬೇಕಾದ ಹಣದಲ್ಲಿ ಅವಳ ಎರಡು ತಿಂಗಳ ಮೆಸ್ಸು ನಡೆಯುತ್ತಿತ್ತು.

ಕೊಲ್ಹಾಪುರದಲ್ಲಿ ಗೆಳತಿ ನೂತನಳ ಪರಿಚಯದವನೊಬ್ಬ ಅಗ್ಗದಲ್ಲಿ ಕದ್ದ ಕಾಪಿ ಹಾಕಿಕೊಟ್ಟ. ನಾಲ್ಕು ದಿನ ಚೆನ್ನಾಗಿ ನಡೆಯಿತು. ಐದನೆಯ ದಿನ ಪರದೆಯ ಮೇಲೆ ಫೈಲುಗಳ ಹೆಸರುಗಳೆಲ್ಲ ಬದಲಾಗಿದ್ದವು. ಯಾವುದೂ ತೆರೆಯಲಿಲ್ಲ...

ವೈರಸ್!

ಬೇರೆಲ್ಲಿಯೂ ಕಾಪಿ ಇರಲಿಲ್ಲ. ಅಳುತ್ತ ನಿಂತವಳಿಗೆ ಗೈಡ್ ಮೇಡಮ್ಮು ಮರಾಠಿಯಲ್ಲಿ ಬೈದರು. "ಕಾಲೇಜಚ್ಯಾ ಈಮೇಲವರ ಫುಕಟ ಮಿಳತಂ ಕೀ! ಕುಣೀಚ ಸಾಂಗಿತಲಂ ನಾಹೀ?"

ಕಾಲೇಜಿನ ಈಮೇಲ್ ಐಡಿ ಇದ್ದರೆ ಆ ಸಾಫ್ಟ್‌ವೇರ್ ಪುಕ್ಕಟೆ. ಯಾರೂ ಹೇಳಲಿಲ್ಲವೇ?

ಹೇಳಲು ಬಂದಿದ್ದ ಒಬ್ಬ. 'ಕಾಲೇಜಿನ...' ಎಂಬಲ್ಲಿಗೇ ಅವನ ಬಾಯಿ ಮುಚ್ಚಿಸಿದ್ದು ನಾನೇ ಅಲ್ಲವೇ?

ಹಾಗಾದರೆ ಆ ದಿನ ಅವನು ಕೂಗಿದ್ದು... ಪೆನ್‌ಡ್ರೈವ್ ಅಂತಲೇ?

ಮೊದಲ ಬಸ್ಸಿಗೆ ಹೊರಟು ಗಡಹಿಂಗ್ಲಜದಲ್ಲಿ ಇಳಿದಳು. ಅಂಗಡಿಯ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ 'ರವಿವಾರ ಬಂದ್' ಎಂದಿತ್ತು. ಇವತ್ತು ರವಿವಾರ!

ಆದರೆ ಬಾಗಿಲು ತೆರೆದಿತ್ತು.

"ಬಂದ್ಯೇನವಾ ತಾಯಿ!" ರಾಯಪ್ಪ ಚಹಾದಂಗಡಿಯಿಂದಲೇ ಕೂಗಿದ. "ಎರಡನೇ ರವಿವಾರ ಇದು. ಗಿರಾಕಿ ಇಲ್ಲ ಪಿರಾಕಿ ಇಲ್ಲ, ದೇವರ ಹಂಗ ಕುಂತಾನ ಒಳಗ!"

"ಕಾಕಾ, ನಿಮ್ಮ ಹಾಲು ಉಕ್ಕಾಕತ್ತೈತಿ ನೋಡ್ರಿ," ಎಂದ ಸಿದ್ಧಲಿಂಗ. ಅವನ ಕಿವಿ ಕೆಂಪಾಗಿತ್ತು.

ಪ್ರಾಜಕ್ತಾ ತಲೆ ತಗ್ಗಿಸಿದಳು. "ನಂದು ತಪ್ಪಾತ್ರಿ... ಭಾಳ ದೊಡ್ಡ ತಪ್ಪು. ಎಲ್ಲಾ ಹೋತು ನಂದು."

ಅವನು ಡ್ರಾವರ್ ತೆರೆದು ಪೆನ್‌ಡ್ರೈವೊಂದನ್ನು ಅವಳ ಮುಂದಿಟ್ಟ. ಅದಕ್ಕೆ ಅಂಟಿಸಿದ ಪಟ್ಟಿಯ ಮೇಲೆ ಪೆನ್ನಿನಿಂದ ಬರೆದಿತ್ತು: 'ಸಿಟ್ಟಿನವರು'.

"ಯಾರದ ಲ್ಯಾಪ್‌ಟಾಪ್ ಬರ್ಲಿ, ಕೈ ಹಚ್ಚೂಕಿಂತ ಮೊದ್ಲ ಫೈಲ್ ಕಾಪಿ ತಗದ ಅವರ ಕೈಯಾಗ ಕೊಡ್ತೇನ್ರಿ. ನಮ್ಮ ರೂಢಿ. ನೀವು ಬಿಟ್ಟ ಹ್ವಾದ್ರಿ."

ನಲವತ್ತು ಹೆಂಗಸರೂ ಅದರೊಳಗಿದ್ದರು! ಹೋಗಿದ್ದು ಬರೀ ನಾಲ್ಕು ದಿನದ ಬರವಣಿಗೆ. ಪ್ರಾಜಕ್ತಾ ಅಲ್ಲೇ ಕುಕ್ಕರಿಸಿ ಅತ್ತುಬಿಟ್ಟಳು. ಅವನು ಫ್ಯಾನನ್ನು ಅವಳ ಕಡೆ ತಿರುಗಿಸಿದ.

"ಮೊದಲ ಪುಟ ಅಷ್ಟ ನೋಡೇನ್ರಿ, ಕಾಪಿ ಸರಿ ಬಂದೈತೇನಂತ," ಎಂದ ಸ್ವಲ್ಪ ಹೊತ್ತಿನ ಮೇಲೆ. "ಹೆಸರು, ಕಾಲೇಜು, ವಿಷಯ ಎಲ್ಲಾ ಇತ್ತು. ಹುಡುಕ್ಕೊಂಡು ಬಂದಿದ್ರ ನೀವು ಅಂದದ್ದು ಖರೇ ಆಗ್ತಿತ್ತು. ಅದಕ್ಕ ಬರಲಿಲ್ಲ."

"ಮತ್ತ... ರವಿವಾರ?"

"ನೀವು ಬಂದ ಬರ್ತೀರಿ ಅಂತ ಅಲ್ರಿ. ಬಂದ್ರ ಬಾಗಲಾ ಮುಚ್ಚಿರಬಾರದು ಅಂತ."

ಪ್ರಾಜಕ್ತಾ ಕಣ್ಣೊರೆಸಿಕೊಂಡು ಲ್ಯಾಪ್‌ಟಾಪನ್ನು ಅವನ ಕಡೆ ಸರಿಸಿದಳು.

ಅವನು ವೈರಸ್ ಹಿಡಿದ ಲ್ಯಾಪ್‌ಟಾಪನ್ನು ಪೂರ್ತಿ ಅಳಿಸಿ ಹೊಸದು ಮಾಡಿದ. "ಊರಾಗ ನೆಟ್ ಸಿಗ್ತೈತೇನ್ರಿ?"

"ಮಾಳಿಗಿ ಏರಿದ್ರ ಎರಡ ಕಡ್ಡಿ."

"ಹಂಗಾದ್ರ ಬರೀ ಕಾಲೇಜಿನ ಐಡಿ ನಂಬಿ ಕುಂಡ್ರಬ್ಯಾಡ್ರಿ. ಅದಕ್ಕ ನೆಟ್ ಬೇಕು. ಇದೊಂದು ಬ್ಯಾರೆ ಸಾಫ್ಟ್‌ವೇರ್ ಐತಿ, ಇದೂ ಪುಕ್ಕಟೆ, ಕದ್ದದ್ದಲ್ಲ, ಮುದತ್ತೂ ಇಲ್ಲ. ಬರಿಯೋದು ಇದರಾಗ. ಕಡೀಕ ಕಾಲೇಜಿನದ್ರಾಗ ತಗದು ಪುಟ ಅತ್ತಿತ್ತ ಸರದಾವೇನು ನೋಡಿ ಪಿಡಿಎಫ್ ಮಾಡ್ರಿ."

"ಅವತ್ತ ಹಿಂಗ ಹೇಳಬಾರದಿತ್ತೇನ್ರಿ?"

"ಬಾಯಿ ತಗ್ಯಾಕ ಬಿಟ್ರ ಹೌದಲ್ಲ!" ಹೊರಗಿನಿಂದ ರಾಯಪ್ಪನ ದನಿ ಬಂತು.

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಸಿದ್ಧಲಿಂಗ ಪರದೆಯತ್ತ ನೋಡುತ್ತ ಕುಳಿತ.

"ನಮ್ಮವ್ವ ಇಚಲಕರಂಜ್ಯಾಗ ಹದಿನೆಂಟ ವರ್ಷ ಕಾಂಡಿ ಸುತ್ಯಾಳ್ರಿ. ಬೆರಳ ಸಂದ್ಯಾಗ ನೂಲು ಕೊರದ ಗೆರಿ ಇನ್ನೂ ಅದಾವ. ಆಕೀ ಕೆಲಸಾನೂ ಯಾರಾರ ಬರೀತಾರಂತ..." ಮಾತು ಅಲ್ಲಿಗೇ ನಿಂತಿತು.

ಈ ಸಲ ಅವಳು ಆ ಮೌನವನ್ನು ಓದಬಲ್ಲವಳಾಗಿದ್ದಳು.

"ನಲವತ್ತ ಮಂದಿ ಆಗ್ಯಾರ್ರಿ. ನಿಮ್ಮವ್ವಾರು ನಲವತ್ತೊಂದನೆಯವರಾಗ್ತಾರೇನು ಕೇಳ್ರಿ."

ಅವನು ಥಟ್ಟನೆ ಅವಳನ್ನು ನೋಡಿದ. "ಯಾರ ಬಂದಾರಂತ ಹೇಳ್ಲಿ ಅವ್ವಗ?"

"ಸಿಟ್ಟಿನವರು ಬಂದಾರಂತ ಹೇಳ್ರಿ."

ಆ ಮಧ್ಯಾಹ್ನ ಅವನ ಮನೆಯಲ್ಲಿ ತಾಯಿ ಬಾಳವ್ವ, ಬೆರಳಿನ ಗೆರೆಗಳನ್ನು ಒಂದೊಂದಾಗಿ ತೋರಿಸುತ್ತ ಮಾತಾಡಿದಳು. ಪ್ರಾಜಕ್ತಾ ಬರೆದುಕೊಂಡಳು. ಬಾಗಿಲಿಗೆ ಒರಗಿ ನಿಂತ ಮಗ, ತಾಯಿ ಯಾವತ್ತೂ ಹೇಳದಿದ್ದುದನ್ನು ಮೊದಲ ಬಾರಿ ಕೇಳಿಸಿಕೊಂಡ.

ಗಡುವಿನ ದಿನ, ಬುಧವಾರ, ಪ್ರಾಜೆಕ್ಟ್ ಒಪ್ಪಿಸಿದ್ದಾಯಿತು. ಮುಂದಿನ ರವಿವಾರ, 'ರವಿವಾರ ಬಂದ್' ಎಂಬ ಬೋರ್ಡಿನ ಕೆಳಗಿನ ತೆರೆದ ಬಾಗಿಲಲ್ಲಿ ಪ್ರಾಜಕ್ತಾ ನಿಂತಿದ್ದಳು. ಕೈಯಲ್ಲಿ ಬೈಂಡ್ ಮಾಡಿದ ಪ್ರತಿ.

"ಇದು ಅವ್ವಗ."

ಅವನು ಎರಡೂ ಕೈ ಚಾಚಿ ತೆಗೆದುಕೊಂಡ. ಪುಟ ಮಗುಚಿ ಅವ್ವನ ಹೆಸರು ಹುಡುಕಿದ. ಕೊನೆಗೆ ಅವಳೇ ಕೇಳಿದಳು.

"ಕಾಲೇಜು ಮುಗದ ಮ್ಯಾಲ ಆ ಐಡಿ ಬಂದ್ ಆಗ್ತೈತೇನ್ರಿ?"

"ಹೌದ್ರಿ... ಬಂದ್ ಮಾಡ್ತಾರ."

"ಹಂಗಾದ್ರ ನನ್ನ ಸ್ವಂತದ್ದು ಬರಕೊಳ್ರಿ. ಅದು ಬಂದ್ ಆಗೂದಿಲ್ಲ."

ಅವನು ಡ್ರಾವರಿನಲ್ಲಿ ಪೆನ್ನು ಹುಡುಕಿದ. "ಐಡಿ ಅಷ್ಟನ... ಏನ್ರಿ?"

"ಇವತ್ತ ಐಡಿ. ನಾಳೆ ನಂಬರ್."

"ಮತ್ತ... ನಾಡದು?"

ಪ್ರಾಜಕ್ತಾ ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು ನಕ್ಕಳು.

"ನಾಡದು ಅವ್ವನ್ನ ಕರಕೊಂಡು ನಮ್ಮ ಮನಿಗೆ ಬರ್ರಿ. ನಮ್ಮಪ್ಪ ಮನ್ಯಾಗ ಇರ್ತಾನ."