ಎರಡು ಸೂಜಿ

"ಆ ಬನ್ನಿ ಗಿಡದ ಬುಡಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ ಯವ್ವಾ. ಉಳಿದ ಜಾಗಾ ಎಲ್ಲಾ ಅಗೀರಿ, ನಾ ಬ್ಯಾಡ ಅನ್ನೂದಿಲ್ಲ."

ಉಚ್ಚಂಗೆವ್ವನ ದನಿಯಲ್ಲಿ ಬೇಡಿಕೆಯಿರಲಿಲ್ಲ. ಮುಂದೆ ಹಳ್ಳವಿದೆ ಎಂದು ದಾರಿಹೋಕರಿಗೆ ತಿಳಿಸುವಂತೆ ಹೇಳಿದಳು. ಹತ್ತಿರದ ಗುಡಿಸಲಿನ, ಎಂಬತ್ತು ದಾಟಿದ ಮುದುಕಿ, ಬರಿಗಾಲಲ್ಲಿ ಕಾದ ಜಲ್ಲಿಕಲ್ಲಿನ ಮೇಲೆ ನಿಂತಿದ್ದಳು. ಡಾಕ್ಟರ್ ನಿರ್ಮಲಾ ನಕ್ಷೆಯಿಂದ ತಲೆಯೆತ್ತಲಿಲ್ಲ.

"ಯಾಕಜ್ಜಿ, ದೆವ್ವ ಇದೆಯಾ?"

"ದೆವ್ವ ಅಲ್ಲ. ಒಂದ ನಾಲಗಿ ಐತಿ."

ನಿರ್ಮಲಾ ನಕ್ಕುಬಿಟ್ಟಳು.

ಅದು ಎರಡು ಸಾವಿರದ ಏಳರ ಏಪ್ರಿಲ್. ರಾಣೇಬೆನ್ನೂರಿನಿಂದ ಬ್ಯಾಡಗಿಗೆ ಹೋಗುವ ರಸ್ತೆಯ ಪಕ್ಕದ ಎರೆಭೂಮಿಯಲ್ಲಿ ವಿಶ್ವವಿದ್ಯಾಲಯದ ವೈದ್ಯಕೀಯ ಸಂಶೋಧನಾ ಕೇಂದ್ರ ಏಳುತ್ತಿತ್ತು. ಮೈಸೂರಿನಲ್ಲಿ ಹದಿನಾರು ವರ್ಷ ರೋಗಶಾಸ್ತ್ರ ಕಲಿಸಿದ್ದ ನಿರ್ಮಲಾಳನ್ನು ಅದರ ಮುಖ್ಯಸ್ಥೆಯಾಗಿ ಕಳಿಸಿದ್ದರು. ಕಟ್ಟಡ ಮುಗಿಯುವ ತನಕ ಕಾಯುವ ತಾಳ್ಮೆ ಅವಳಿಗಿರಲಿಲ್ಲ. ಒಂದು ತಗಡಿನ ಶೆಡ್ಡಿನಲ್ಲಿ ಸೂಕ್ಷ್ಮದರ್ಶಕ, ಗಾಜಿನ ಪಟ್ಟಿಗಳು, ಮಾಂಸದ ತುಣುಕನ್ನು ಎಳೆಯೆಳೆಯಾಗಿ ಕತ್ತರಿಸುವ ಯಂತ್ರ ಎಲ್ಲವನ್ನೂ ಇಡಿಸಿಕೊಂಡಿದ್ದಳು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಗಂಡ ಪ್ರೇಮಕುಮಾರ ಬೇಸಿಗೆ ರಜೆಗೆ ಬಂದು ಅವಳ ಜೊತೆಗಿದ್ದ.

ಬನ್ನಿ ಮರ ಇದ್ದದ್ದು ಪ್ರಯೋಗಾಲಯದ ಅಡಿಪಾಯ ಬರಬೇಕಾದ ಜಾಗದಲ್ಲಿಯೇ. ಮೇಸ್ತ್ರಿ ಗುಡದಪ್ಪ ಎರಡು ದಿನ ಅದನ್ನು ಬಿಟ್ಟು ಸುತ್ತಲೂ ಅಗೆಸಿದ. ಮೂರನೆಯ ದಿನ ನಿರ್ಮಲಾ ಕೇಳಿದಾಗ ತಲೆಯ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದ.

"ಆಳು ಒಲ್ಲೆ ಅಂತಾರ್ರಿ ಬಾಯಾರ. ನಮ್ಮ ಮೈಲವ್ವನೂ ಮುಂಜಾನೆ ಬ್ಯಾಡ ಅಂತ ಹೇಳಿ ಕಳಿಸ್ಯಾಳ."

"ನಿಮ್ಮ ಹೆಂಡತಿಯನ್ನು ಕೇಳಿ ಆಸ್ಪತ್ರೆ ಕಟ್ಟೋಕಾಗತ್ತಾ ಗುಡದಪ್ಪ?"

ಗುಡದಪ್ಪ ಟವೆಲ್ಲನ್ನು ಮತ್ತೆ ತಲೆಗೆ ಸುತ್ತಿದ. ಹಾರೆ ತಾನೇ ಹಿಡಿದ.

ಮಧ್ಯಾಹ್ನದ ಹೊತ್ತಿಗೆ ಬೇರುಗಳ ನಡುವೆ ಒಂದು ಗಡಿಗೆ ಸಿಕ್ಕಿತು. ಬಾಯಿಗೆ ಅರಗಿನ ಮುದ್ರೆ. ಶೆಡ್ಡಿಗೆ ತಂದು ಮುಚ್ಚಳ ಒಡೆಯುವಾಗ ಚೂರು ತಾಗಿ ಗುಡದಪ್ಪನ ಹೆಬ್ಬೆರಳು ಸೀಳಿತು. ಆಗ ಎದ್ದಿತು ಆ ನಾತ. ಬ್ಯಾಡಗಿಯ ಕಡೆಯಿಂದ ದಿನವೂ ಮೆಣಸಿನಕಾಯಿಯ ಘಾಟು ಬರುತ್ತಿತ್ತು, ಅದು ಎಲ್ಲರಿಗೂ ರೂಢಿಯಾಗಿತ್ತು. ಇದು ಸುಟ್ಟ ಮೆಣಸಿನಕಾಯಿಯ ಕಮಟಿನ ಅಡಿಯಲ್ಲಿ ಕೊಳೆತ ಮಾಂಸದ ಸಿಹಿ ವಾಸನೆ. ಹೊರಗಿದ್ದ ಆಳುಗಳು ಒಬ್ಬೊಬ್ಬರಾಗಿ ದೂರ ಸರಿದರು. ಕಾಂಕ್ರೀಟು ಕಲಸುವ ಯಂತ್ರ ತನ್ನಷ್ಟಕ್ಕೆ ತಿರುಗುತ್ತಲೇ ಇತ್ತು.

ಗಡಿಗೆಯಲ್ಲಿದ್ದದ್ದು ಬೆರಳುದ್ದದ, ಒಣಗಿ ಕಪ್ಪಾದ ನಾಲಗೆ. ಅದನ್ನು ಅಡ್ಡಡ್ಡ ಚುಚ್ಚಿದ್ದ ಎರಡು ಕಬ್ಬಿಣದ ಸೂಜಿಗಳು. ಸುತ್ತಲೂ ಕರಿದಾರ.

ಗುಡದಪ್ಪನ ಬೆರಳಿನಿಂದ ನೆಲಕ್ಕೆ ರಕ್ತ ತೊಟ್ಟಿಕ್ಕುತ್ತಿತ್ತು.

"ಒಂದು ನಿಮಿಷ," ಎಂದಳು ನಿರ್ಮಲಾ. ಇಕ್ಕುಳ ಜಾರಿತು. ಬರಿಗೈಯಲ್ಲಿ ಹಿಡಿದು ಎಳೆದಳು. ಮೊದಲನೆಯದು ಸಲೀಸಾಗಿ ಬಂತು. ಎರಡನೆಯದು ಬರುವಾಗ, ಯಾರೋ ಬಹಳ ಹೊತ್ತು ಹಿಡಿದ ಉಸಿರು ಬಿಟ್ಟಂತೆ ಸಣ್ಣ ಸದ್ದಾಯಿತು. ಸೂಜಿಗಳನ್ನು ಬಟ್ಟಲಿಗೆ ಹಾಕಿ, ಅದೇ ಕೈಯಿಂದ ಗುಡದಪ್ಪನ ಬೆರಳಿಗೆ ಪಟ್ಟಿ ಕಟ್ಟಿದಳು.

ಸಂಜೆಯೊಳಗೆ ಆ ನಾಲಗೆಯನ್ನು ಯಂತ್ರಕ್ಕೆ ಕೊಟ್ಟಳು. ಕಾಗದಕ್ಕಿಂತ ತೆಳ್ಳಗಿನ ಎಳೆಗಳು ಗಾಜಿನ ಪಟ್ಟಿಗಳ ಮೇಲೆ ಕುಳಿತವು. ಮನುಷ್ಯನದೇ. ಅವಳಿಗೆ ಖುಷಿಯಾಯಿತು. ಮನೆಗೆ ಹೋಗಿ, ಊಟಕ್ಕೆ ಕುಳಿತ ಗಂಡನ ಕತ್ತು ಬಳಸಿ ಎಲ್ಲವನ್ನೂ ಹೇಳಿದಳು. ಅವನು ನಗುತ್ತ ನೀರಿನ ಲೋಟ ಎತ್ತಿದ. ಕೆಮ್ಮಿದ. ಮತ್ತೆ ಕುಡಿದ. ನೀರು ಹಾಗೆಯೇ ತುಟಿಯ ಅಂಚಿನಿಂದ ಹೊರಗೆ ಹರಿಯಿತು.

ಮರುದಿನ ಗುಡದಪ್ಪನನ್ನು ಅವನ ಮನೆಯವರು ದಾವಣಗೆರೆಯ ದೊಡ್ಡಾಸ್ಪತ್ರೆಗೆ ತಂದರು. ಪ್ರೇಮಕುಮಾರನ ಮಂಚ ಆಗಲೇ ಅಲ್ಲಿತ್ತು. ಇಬ್ಬರ ಗಂಟಲೊಳಗೂ ಕ್ಯಾಮೆರಾ ಇಳಿಸಿ ನೋಡಿದರು. ದಾರಿ ತೆರೆದಿತ್ತು. ಗಡ್ಡೆಯಿಲ್ಲ, ಬಾವಿಲ್ಲ, ಗಾಯವಿಲ್ಲ. ಹನಿ ನೀರು ಮಾತ್ರ ಇಳಿಯುತ್ತಿರಲಿಲ್ಲ. ಮಾತೂ ಹೊರಡುತ್ತಿರಲಿಲ್ಲ. ನಿರ್ಮಲಾ ಒಂದೊಂದು ರಿಪೋರ್ಟನ್ನೂ ಹತ್ತು ಸಲ ಓದಿದಳು. ಎಲ್ಲದರ ಕೆಳಗೂ ನಾರ್ಮಲ್ ಎಂದೇ ಇತ್ತು. ಆ ಪದವನ್ನು ಅವಳು ಸಾವಿರಾರು ಜನರಿಗೆ ಬರೆದುಕೊಟ್ಟಿದ್ದಳು.

ನಾಲ್ಕನೆಯ ದಿನ ಗುಡದಪ್ಪನ ಉಸಿರಿನ ದಾರಿಯೂ ಕಟ್ಟಿತು. ಕೊರಳಿಗೆ ರಂಧ್ರ ಮಾಡಿದರು. ಅಲ್ಲಿಂದಲೂ ಗಾಳಿ ಒಳಗೆ ಹೋಗಲಿಲ್ಲ. ಕಣ್ಣು ತೆರೆದುಕೊಂಡೇ, ನಿರ್ಮಲಾಳನ್ನು ನೋಡುತ್ತಲೇ ಅವನು ಹೋದ. ಕಾರಿಡಾರಿನಲ್ಲಿ ಮೈಲವ್ವ ಹಾಡಿಕೊಂಡು ಅಳುವುದು ಕೇಳಿಸಿತು. ಪಕ್ಕದ ಮಂಚದಲ್ಲಿ ಪ್ರೇಮಕುಮಾರನ ಎದೆ ಆಗಲೇ ಸಿಳ್ಳೆ ಹಾಕತೊಡಗಿತ್ತು.

ನಿರ್ಮಲಾ ಕಾರು ತೆಗೆದುಕೊಂಡು ನೇರ ಉಚ್ಚಂಗೆವ್ವನ ಗುಡಿಸಲಿಗೆ ಬಂದಳು. ಸೂಜಿಯ ಬಟ್ಟಲನ್ನೂ ಗಾಜಿನ ಪಟ್ಟಿಗಳ ಡಬ್ಬಿಯನ್ನೂ ಮುಂದಿಟ್ಟಳು. ಮುದುಕಿ ಬಿಸಿಲಿಗೆ ಹಿಡಿದು ಒಂದು ಪಟ್ಟಿ ನೋಡಿದಳು.

"ಇದೇನಿದು?"

"ಅದೇ... ನಾಲಗೆ."

ಉಚ್ಚಂಗೆವ್ವ ಪಟ್ಟಿಯನ್ನು ಡಬ್ಬಿಯಲ್ಲಿಟ್ಟು ಹೇಳಿದಳು. "ನಮ್ಮಜ್ಜಿ ಕಾಲದಾಗ ಪ್ಲೇಗು ಬಂದಿತ್ತು. ಇಲ್ಲೊಬ್ಬ ವೈದ್ಯ ಇದ್ದ. ಔಷಧ ಗೊತ್ತಿತ್ತು, ಹೇಳಲಿಲ್ಲ. ಒಬ್ಬಾಕಿ ತಾಯಿದು ಮೂರೂ ಮಕ್ಕಳು ಹೋದುವು. ಆಕಿ ಮಾಟ ಮಾಡಿಸಿ ಅವನ ನಾಲಗಿ ಕೊಯ್ಸಿ, ಸೂಜಿಲೆ ಹೊಲಿಸಿ ಬನ್ನಿ ಬುಡಕ್ಕ ಹುಗಿಸಿದಳು. ಸೂಜಿ ಕಿತ್ತ ಕೈ ಯಾರನ್ನ ಮೊದಲ ಮುಟ್ಟತೈತೋ ಅವರ ಗಂಟಲ ಕಟ್ಟತೈತಿ. ಎರಡ ಸೂಜಿ, ಎರಡ ಗಂಟಲ."

"ಮತ್ತೆ ಚುಚ್ಚಿ ಹೂತುಬಿಡ್ತೀನಿ. ಹೇಗೆ ಅಂತ ಹೇಳಿ."

"ಎದಕ್ಕ ಚುಚ್ಚತಿ ಯವ್ವಾ? ನಾಲಗಿ ಎಲ್ಲೈತಿ? ಹೆಚ್ಚಿ ಇಟ್ಟೀದಿ."

ಫೋನ್ ಬಂತು. ಆಸ್ಪತ್ರೆಯಿಂದ. ಉಸಿರು ನಿಲ್ಲುತ್ತಿದೆ, ಲಗೂನ ಬರ್ರಿ ಎಂದಳು ನರ್ಸ್.

ನಿರ್ಮಲಾ ಮುದುಕಿಯ ಕಾಲು ಹಿಡಿಯಲು ಬಾಗಿದಳು. ಮುದುಕಿ ಸರಕ್ಕನೆ ಕಾಲು ಹಿಂದಕ್ಕೆಳೆದುಕೊಂಡಳು.

"ನಾಲಗಿ ಬೇಕು," ಎಂದಳು ಮೆಲ್ಲಗೆ. "ಸೂಜಿ ಕಿತ್ತಾಕಿದು. ಹೇಳಬಾರದಂತ ಮಾಡಿದ್ದೆ."

ಗುಡಿಸಲಲ್ಲಿ ಹೊಗೆ. ಹೊರಗೆ ಸುಡುವ ಮಧ್ಯಾಹ್ನ. ನಿರ್ಮಲಾಳ ಕೈಯಲ್ಲಿ ಸೂಜಿ ಬಿಸಿಯಾಗಿತ್ತು. ಅವಳು ಬಾಯಿ ತೆರೆದಳು. ಒಂದು. ಕಣ್ಣಿಗೆ ಕತ್ತಲೆ. ಬಾಯಿ ತುಂಬ ತುಕ್ಕು, ಉಪ್ಪು, ಸುಟ್ಟ ಮೆಣಸಿನಕಾಯಿ. ಕೂಗಬೇಕು. ಕೂಗಿದರೆ ಅಲುಗುತ್ತದೆ. ಎರಡು. ಒಳಗೇನೋ ಜಗ್ಗಿತು. ಸೂಜಿ ಅವಳು ತಳ್ಳದೆಯೇ ಒಳಗೆ ಹೋಗುತ್ತಿತ್ತು. ಹಿಡಿಯಲು ನೋಡಿದಳು. ಸಿಗಲಿಲ್ಲ. ತುದಿಯೂ ಸಿಗಲಿಲ್ಲ.

ದಾವಣಗೆರೆಯಲ್ಲಿ ಅದೇ ಹೊತ್ತಿಗೆ ಪ್ರೇಮಕುಮಾರ ಎದ್ದು ಕುಳಿತು ನೀರು ಕೇಳಿದ. ಎರಡು ತಂಬಿಗೆ ಕುಡಿದ.

ನಿರ್ಮಲಾಳ ನಾಲಗೆಯ ಎಕ್ಸ್-ರೇ ತೆಗೆದರು. ಸೂಜಿಗಳಿರಲಿಲ್ಲ. ತೂತಿನ ಗುರುತೂ ಇರಲಿಲ್ಲ. ಆಘಾತದಿಂದ ಮಾತು ನಿಂತಿದೆ, ಬರುತ್ತದೆ ಎಂದರು. ನಾಲಗೆ ಕದಲಿಸಿದರೆ ಎರಡು ಕಡೆ ಕಬ್ಬಿಣ ಅಡ್ಡ ಬರುವುದು ಅವಳಿಗೆ ಮಾತ್ರ ಗೊತ್ತಿತ್ತು. ಗಂಜಿಯಷ್ಟೇ ಇಳಿಯುತ್ತಿತ್ತು. ಪ್ರೇಮಕುಮಾರ ದಿನವೂ ಅವಳೆದುರು ಕುಳಿತು, ಒಂದು ಸಲ ನನ್ನ ಹೆಸರು ಹೇಳು ನಿರ್ಮಲಾ ಎನ್ನುತ್ತಿದ್ದ. ಕಟ್ಟಡಕ್ಕೆ ಛಾವಣಿ ಬಂತು. ಮುಖ್ಯಸ್ಥರಾಗಿ ಬೇರೆಯವರು ಬಂದರು.

ಮೈಸೂರಿಗೆ ಹೊರಡುವ ಹಿಂದಿನ ದಿನ, ಗಂಡ ಲಾರಿ ಕರೆಯಲು ಹೋಗಿದ್ದಾಗ ಮೈಲವ್ವ ಬಂದಳು. ಬೋಳು ಹಣೆ. ಬಾಗಿಲ ಬಳಿಯೇ ನೆಲದ ಮೇಲೆ ಕುಳಿತಳು.

"ಬಾಯಾರ, ದಾವಣಗೇರ್‍ಯಾಗ ಯಾರೂ ನನಗ ಖರೇ ಹೇಳಲಿಲ್ರಿ. ನೀವ ಅವನ ಹತ್ರ ಇದ್ರಿ. ಅವಗ ಏನಾಗಿತ್ರಿ? ಯಾಕ ಸತ್ತ ಅವ?"

ನಿರ್ಮಲಾ ಬಾಯಿ ತೆರೆದಳು. ಕಬ್ಬಿಣ ಜಗ್ಗಿತು. ಗೊರ ಗೊರ ಸದ್ದಷ್ಟೇ ಬಂತು. ಓಡಿಹೋಗಿ ಕಾಗದ ತಂದಳು. ಗಡಿಗೆ, ಸೂಜಿ, ರಕ್ತ ಸೋರುವಾಗ ಅವನನ್ನು ಕಾಯಿಸಿದ್ದು, ಎಲ್ಲವನ್ನೂ ಬರೆದಳು. ಕೊನೆಗೆ, ನಾನೇ ಕೊಂದೆ ಎಂದು ಬರೆದು ಎರಡೂ ಕೈಯಿಂದ ಚಾಚಿದಳು.

ಮೈಲವ್ವ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಹಾಗೆಯೇ ಮಡಚಿ ಅವಳ ಕೈಗೇ ವಾಪಸು ಕೊಟ್ಟಳು.

"ನನಗ ಓದಾಕ ಬರೂದಿಲ್ರಿ. ಯಾರರ ಓದಿ ಹೇಳಿದ್ದು ನನಗ ಬ್ಯಾಡ," ಎಂದಳು. "ನೀವ ಬಾಯಿಲೆ ಹೇಳ್ರಿ. ನಾ ಕುಂದರತೀನಿ."

ಅವಳು ಸೆರಗು ಸರಿಮಾಡಿಕೊಂಡು ಗೋಡೆಗೆ ಒರಗಿ ಕುಳಿತಳು.