ಮೊದಲ ಮರಿ ಹುಟ್ಟಿದ ದಿನ ಹಾಕಿದ ಬೀಜ

ನುರಿಜಾ ಶೂ ಕೂಡ ಬಿಚ್ಚದೆ ಕಿಟಕಿಯ ಹತ್ತಿರ ಓಡಿದಳು. ಬೆಳಿಗ್ಗೆ ಸ್ಕೂಲಿಗೆ ಹೋಗುವಾಗ ಮೂರು ಸಸಿ ಮಲಗಿದ್ದವು. ಈಗ ಎಣಿಸಿದರೆ ಹನ್ನೊಂದು.

ಮೊಸರಿನ ಖಾಲಿ ಕಪ್ಪುಗಳು ಒಟ್ಟು ಹದಿನಾರು. ಒಂದೊಂದರಲ್ಲೂ ಒಂದೊಂದು ಟೊಮೆಟೊ ಸಸಿ. ಸಸಿ ಅನ್ನುವುದು ಹೆಸರಿಗಷ್ಟೇ. ನೂಲಿನಂಥ ಸಣಕಲು ಕಾಂಡ, ಅದರ ತುದಿಯಲ್ಲಿ ಬಿಳಚಿಕೊಂಡ ಪುಟಾಣಿ ಎಲೆಗಳು. ಉದ್ದಕ್ಕೇನೂ ಕೊರತೆ ಇರಲಿಲ್ಲ, ಗೇಣುದ್ದ ಬೆಳೆದಿದ್ದವು. ನೆಟ್ಟಗೆ ನಿಲ್ಲುವುದು ಮಾತ್ರ ಅವುಗಳ ಕೈಲಾಗುತ್ತಿರಲಿಲ್ಲ.

ನುರಿಜಾ ಒಂದು ಸಸಿಯನ್ನು ಬೆರಳಿನಿಂದ ಎತ್ತಿ ನಿಲ್ಲಿಸಿದಳು. ಬೆರಳು ತೆಗೆದದ್ದೇ ತಡ, ಅದು ಮತ್ತೆ ಮಲಗಿತು.

"ಶೂ ಹಾಕ್ಕೊಂಡು ಒಳಗೆ ಬಂದ್ಯಾ?" ಅಡುಗೆಮನೆಯಿಂದ ಅಮ್ಮ ಕೇಳಿದರು. "ಬಿಚ್ಚಿಟ್ಟು ಬಾ. ಆಮೇಲೆ ಕೇಳು, ಅಜ್ಜಿ ಶನಿವಾರ ಬರ್ತಾರೆ. ಡಾಕ್ಟರು ಮನೆಗೆ ಹೋಗ್ಬಹುದು ಅಂದ್ರಂತೆ."

ನುರಿಜಾ ಬೆರಳು ಮಡಿಸಿ ದಿನ ಎಣಿಸಿದಳು. ಇವತ್ತು ಬುಧವಾರ.

ಬಾತ್ಮಾ ಅಜ್ಜಿ ಅಂದರೆ ಅಪ್ಪನ ಅಮ್ಮ. ಮದುವೆಯಾದಾಗಿನಿಂದ ಅವರು ಇದ್ದದ್ದು ಬೆಟ್ಟದ ಮೇಲಿನ ಹಳ್ಳಿಯಲ್ಲಿ, ಕುರಿ ಕೊಟ್ಟಿಗೆಯ ಪಕ್ಕದ ಮನೆಯಲ್ಲಿ. ಕಳೆದ ವರ್ಷ ಕಣ್ಣು ಮಂಜಾಗುತ್ತ ಬಂತು. ಆಲೂಗಡ್ಡೆ ಎಂದುಕೊಂಡು ಈರುಳ್ಳಿ ಹೆಚ್ಚುವಷ್ಟಾದಾಗ ಅಪ್ಪ ಹೋಗಿ ಅವರನ್ನು ನಾರಿನ್ ಪೇಟೆಯ ತಮ್ಮ ಫ್ಲ್ಯಾಟಿಗೆ ಕರೆದುಕೊಂಡು ಬಂದರು. ಫೆಬ್ರವರಿಯ ಮೊದಲ ವಾರ ಕಣ್ಣಿನ ಆಪರೇಷನ್ನಿಗೆಂದು ಅಜ್ಜಿ ರಾಜಧಾನಿ ಬಿಷ್ಕೆಕ್‌ಗೆ ಹೋದರು. ಆಪರೇಷನ್ ಆದ ಮೇಲೆ ಅಲ್ಲೇ ನುರಿಜಾಳ ಸೋದರತ್ತೆಯ ಮನೆಯಲ್ಲಿ ಉಳಿದಿದ್ದರು.

ಹೊರಡುವ ದಿನ ಅವರು ಕರವಸ್ತ್ರದ ಒಂದು ಗಂಟನ್ನು ತಂದು ನುರಿಜಾಳ ಕೈಯಲ್ಲಿಟ್ಟರು. ಅಮ್ಮನ ಕೈಗಲ್ಲ, ಅಪ್ಪನ ಕೈಗಲ್ಲ, ನುರಿಜಾಳ ಕೈಗೆ. ಒಳಗೆ ಟೊಮೆಟೊ ಬೀಜ. ಎಣಿಸಿದರೆ ಇಪ್ಪತ್ತೇಳು.

ಅದೇನು ಅಂಥಾ ದೊಡ್ಡ ಹಣ್ಣಲ್ಲ. ಅಕ್ರೋಟಿನಷ್ಟು ಗಾತ್ರ, ತಿಂದರೆ ಹುಳಿ. ಆದರೆ ಆ ಹಳ್ಳಿಯಲ್ಲಿ ಜೂನ್ ತಿಂಗಳಲ್ಲೂ ಹಿಮ ಬೀಳುತ್ತದೆ, ಆಗಸ್ಟ್ ಮುಗಿಯುವಷ್ಟರಲ್ಲಿ ಮತ್ತೆ ಶುರುವಾಗುತ್ತದೆ. ಅಷ್ಟು ಸಣ್ಣ ಬೇಸಿಗೆಯೊಳಗೆ ಕೆಂಪಾಗುವ ಟೊಮೆಟೊ ಅದೊಂದೇ. ಬಜಾರಿನ ಪೊಟ್ಟಣದ ಬೀಜ ಹಾಕಿದವರೆಲ್ಲ ಹಸಿರು ಕಾಯಿಯನ್ನೇ ಉಪ್ಪಿಗೆ ಹಾಕಿಕೊಂಡು ಸುಮ್ಮನಾಗಿದ್ದರು. ಅಜ್ಜಿ ಮದುವೆಯಾಗಿ ಬಂದ ವರ್ಷದಿಂದ ಮೊದಲ ಹಣ್ಣಿನ ಬೀಜ ತೆಗೆದಿಡುತ್ತ ಬಂದಿದ್ದರು. ಈಗ ಆ ಬೀಜ ಬೇರೆ ಯಾರ ಹತ್ತಿರವೂ ಇರಲಿಲ್ಲ. ಸಸಿ ದೊಡ್ಡದಾದ ಮೇಲೆ ಹಳ್ಳಿಗೆ ಒಯ್ದು, ಪ್ಲಾಸ್ಟಿಕ್ ಹೊದಿಸಿದ ಚಪ್ಪರದಡಿ ನೆಡಬೇಕು ಎಂದು ಅಜ್ಜಿ ಹೇಳಿದ್ದರು.

"ಯಾವತ್ತು ಹಾಕ್ಬೇಕಜ್ಜಿ?" ಎಂದು ನುರಿಜಾ ಕೇಳಿದ್ದಳು.

"ಊರಲ್ಲಿ ಮೊದಲನೇ ಮರಿ ಹುಟ್ಟಿದ ದಿನ. ಇನ್ಯಾವತ್ತು ಹಾಕ್ತಾರೆ?"

ಫೆಬ್ರವರಿ ಹನ್ನೆರಡಕ್ಕೆ ಹಳ್ಳಿಯಿಂದ ಚಿಕ್ಕಪ್ಪನ ಫೋನ್ ಬಂತು. ಮೊದಲ ಮರಿ ಹುಟ್ಟಿದೆ, ಕಪ್ಪು ಮರಿ, ಎದ್ದು ನಿಂತು ಹಾಲನ್ನೂ ಕುಡಿಯಿತು ಎಂದರು. ನುರಿಜಾ ಒಂದು ನಿಮಿಷವನ್ನೂ ಹಾಳು ಮಾಡಲಿಲ್ಲ. ಹದಿನಾರು ಕಪ್ಪು ಸಿಕ್ಕವು, ಹದಿನಾರು ಬೀಜ ಹಾಕಿದಳು. ಹೀಟರಿನ ಮೇಲಿನ ಕಿಟಕಿಕಟ್ಟೆಯಲ್ಲಿ ಸಾಲಾಗಿ ಇಟ್ಟಳು. ನಾಲ್ಕನೇ ದಿನವೇ ಮೊಳಕೆ ಬಂತು. ಅವಳಿಗೆ ಹಿಡಿಸಲಾರದಷ್ಟು ಖುಷಿಯಾಗಿತ್ತು.

ಆಮೇಲೆ ಅವು ಉದ್ದವಾಗತೊಡಗಿದವು. ಉದ್ದ, ಇನ್ನೂ ಉದ್ದ. ಹೋದ ವಾರ ಅಜ್ಜಿ ಫೋನಿನಲ್ಲಿ ಸಸಿ ಹೇಗಿವೆ ಎಂದು ಕೇಳಿದಾಗ ನುರಿಜಾ, "ತುಂಬಾ ಚೆನ್ನಾಗಿವೆ," ಎಂದುಬಿಟ್ಟಿದ್ದಳು. ಆ ಸುಳ್ಳು ಈಗ ಶೂ ಒಳಗೆ ಸೇರಿದ ಕಲ್ಲಿನಂತೆ ಚುಚ್ಚುತ್ತಿತ್ತು.

ಇನ್ನು ಉಳಿದಿರುವುದು ಹನ್ನೊಂದೇ ಬೀಜ. ಅವನ್ನೂ ತಪ್ಪು ದಿನ ಹಾಕಿದರೆ ಆ ಟೊಮೆಟೊ ಕತೆ ಮುಗಿದಂತೆ. ಹಾಗಾದರೆ ಸರಿಯಾದ ದಿನ ಯಾವುದು? ಅಜ್ಜಿಗೆ ಫೋನ್ ಮಾಡಿ ಕೇಳೋಣವೆಂದರೆ ಯಾವ ಮುಖ ಇಟ್ಟುಕೊಂಡು ಕೇಳುವುದು?

ಕೆಳಗಿನ ಮನೆಯ ಲ್ಯೂಬಾ ಆಂಟಿಯ ಕಿಟಕಿಯಲ್ಲಿ ಬೆಕ್ಕು ಕೂರುವುದಕ್ಕೂ ಜಾಗ ಇರಲಿಲ್ಲ. ದಪ್ಪ ಮೆಣಸಿನಕಾಯಿ, ಪೆಟೂನಿಯಾ, ಇನ್ನೂ ಏನೇನೋ. ಎಲ್ಲವೂ ಗಿಡ್ಡಗೆ, ದಪ್ಪಗೆ, ಹಸಿರಾಗಿದ್ದವು. ನುರಿಜಾ ಕೇಳಿದ್ದಕ್ಕೆ ಆಂಟಿ ಕನ್ನಡಕ ಹಾಕಿಕೊಂಡು ಚಂದ್ರನ ಕ್ಯಾಲೆಂಡರ್ ತೆಗೆದರು. ಶುಕ್ರವಾರ ಬೇಡ, ಶನಿವಾರ ಬೇಡ, ಭಾನುವಾರವಂತೂ ಬೀಜವನ್ನು ಮುಟ್ಟಲೇಬಾರದು ಎಂದರು. ಮಾರ್ಚ್ ಹತ್ತೊಂಬತ್ತು ಒಳ್ಳೆಯ ದಿನವಂತೆ.

"ಮತ್ತೆ ಪೆಟೂನಿಯಾನ ಫೆಬ್ರವರಿಲೇ ಹಾಕಿದ್ರಲ್ಲ ಆಂಟಿ?"

"ಅದು ಹೂವು ಕಣೇ. ಬೀಜ ನೋಡಿದೀಯಾ, ಧೂಳಿನ ಥರ ಇರತ್ತೆ. ಅದು ಗಿಡ ಆಗೋದಕ್ಕೇ ಒಂದು ಯುಗ ಬೇಕು."

"ಹಾಗಾದ್ರೆ ಸೇವಂತಿಗೇನೂ ಹಾಕಿದೀರಾ?"

"ಅದಕ್ಕೇನು ಅವಸರ? ಏಪ್ರಿಲಲ್ಲಿ ಹಾಕಿದ್ರಾಯ್ತು."

"ಅದೂ ಹೂವೇ ಅಲ್ವಾ?"

ಲ್ಯೂಬಾ ಆಂಟಿ ಕನ್ನಡಕದ ಮೇಲಿನಿಂದ ನೋಡಿದರು. ಈ ಹುಡುಗಿ ಬಹಳ ಪ್ರಶ್ನೆ ಕೇಳುತ್ತಾಳೆ ಎಂದು ಅವರ ಮುಖದ ಮೇಲೇ ಬರೆದಿತ್ತು. ನುರಿಜಾ ಥ್ಯಾಂಕ್ಸ್ ಹೇಳಿ ಮೆಟ್ಟಿಲು ಹತ್ತಿದಳು. ಇಳಿಯುವಾಗ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ, ಹತ್ತುವಾಗ ನಾಲ್ಕಾಗಿದ್ದವು.

ಗುರುವಾರ ಸ್ಕೂಲಿನಲ್ಲಿ ಟೀಚರ್ ಚೋಲ್ಪೋನ್ ಅಕ್ಕೋರನ್ನು ಕೇಳಿದಳು. ಅಕ್ಕೋರಿಗೆ ಬಹಳ ಸಂತೋಷವಾಯಿತು. ಬೋರ್ಡಿನ ಮೇಲೆ ಲೆಕ್ಕವನ್ನೇ ಬರೆದು ತೋರಿಸಿದರು. ಕೊನೆಯ ಹಿಮ ಬೀಳುವ ದಿನದಿಂದ ಅರವತ್ತು ದಿನ ಹಿಂದಕ್ಕೆ ಎಣಿಸಬೇಕು. ಪುಸ್ತಕದಲ್ಲಿ ಕೊನೆಯ ಹಿಮ ಮೇ ಹತ್ತು ಎಂದಿದೆ. ಹಾಗಾದರೆ ಮಾರ್ಚ್ ಹನ್ನೊಂದು. ಅಜ್ಜಿಯ ಹಳ್ಳಿಯಲ್ಲಿ ಜೂನಿನಲ್ಲೂ ಹಿಮ ಬೀಳುತ್ತದಲ್ಲ ಎಂದು ನುರಿಜಾ ಕೇಳಿದಳು. ಅಕ್ಕೋರು ಪುಸ್ತಕದ ಪುಟವನ್ನು ಮತ್ತೊಮ್ಮೆ ತಿರುವಿದರು. ಅಷ್ಟರಲ್ಲಿ ಬೆಲ್ ಆಯಿತು.

ಅಪ್ಪ ಯೋಚನೆಯನ್ನೇ ಮಾಡಲಿಲ್ಲ. ಬ್ರೆಡ್ ಅದ್ದಿಕೊಂಡು ತಿನ್ನುತ್ತಲೇ, ಮಾರ್ಚ್ ಇಪ್ಪತ್ತೊಂದರ ನೂರೂಜ್ ಹಬ್ಬ ಕಳೆದ ಮೇಲೆ ಎಂದರು. ಯಾಕೆ ಎಂದು ಕೇಳಿದರೆ ಅವರ ಅಪ್ಪನೂ ಹಾಗೇ ಹೇಳುತ್ತಿದ್ದರಂತೆ. ಅರ್ಧ ಗಂಟೆ ಬಿಟ್ಟು ಬಂದು, ಅದು ಟೊಮೆಟೊಗೋ ಆಲೂಗಡ್ಡೆಗೋ ಈಗ ನೆನಪಾಗುತ್ತಿಲ್ಲ ಎಂದರು.

ನುರಿಜಾ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಎಲ್ಲ ತಾರೀಖುಗಳನ್ನೂ ಬರೆದಳು. ಕುರಿಮರಿಯದ್ದು ಒಂದು, ಚಂದ್ರನದ್ದು ಒಂದು, ಪುಸ್ತಕದ್ದು ಒಂದು, ಹಬ್ಬದ್ದು ಒಂದು. ಟೊಮೆಟೊ ಒಂದೇ, ಕಿಟಕಿ ಒಂದೇ, ದಿನ ಮಾತ್ರ ನಾಲ್ಕು. ಅವಳ ತಲೆ ಕೆಟ್ಟು ಹೋಯಿತು. ಎಲ್ಲರೂ ಎಷ್ಟು ಖಚಿತವಾಗಿ ಹೇಳುತ್ತಾರೆ! ಏನೂ ತಿಳಿಯದೆ ಒದ್ದಾಡುತ್ತಿರುವವಳು ಈ ಊರಿಗೆಲ್ಲ ತಾನೊಬ್ಬಳೇ ಎನ್ನಿಸಿ ಅವಳಿಗೆ ಅಳು ಬಂತು.

ಶುಕ್ರವಾರ ಸಂಜೆ ಅವಳೊಂದು ಕೆಟ್ಟ ಯೋಚನೆ ಮಾಡಿದಳು. ಮಲಗಿದ ಸಸಿಗಳನ್ನು ಕಿತ್ತೆಸೆದು, ಆ ಕಪ್ಪುಗಳಲ್ಲಿ ಉಳಿದ ಹನ್ನೊಂದು ಬೀಜ ಹಾಕಿಬಿಡುವುದು. ಇನ್ನೂ ಮೊಳಕೆ ಬಂದಿಲ್ಲ ಎಂದರೆ ಅಜ್ಜಿಗೆ ಹೇಗೆ ಗೊತ್ತಾಗುತ್ತದೆ? ಗಂಟು ಬಿಚ್ಚಿದಳು. ಬೀಜ ಅಂಗೈಗೆ ಬಂತು. ಆದರೆ ಇವತ್ತು ಶುಕ್ರವಾರ, ಆಂಟಿ ಬೇಡ ಎಂದಿದ್ದಾರೆ. ಪುಸ್ತಕದ ದಿನವೂ ಅಲ್ಲ, ಹಬ್ಬವೂ ಬಂದಿಲ್ಲ. ಬಹಳ ಹೊತ್ತು ಹಾಗೇ ನಿಂತಿದ್ದು, ಬೀಜವನ್ನು ಮತ್ತೆ ಗಂಟು ಕಟ್ಟಿ ಇಟ್ಟಳು.

ಶನಿವಾರ ಮಧ್ಯಾಹ್ನ ಅಪ್ಪನ ತೋಳು ಹಿಡಿದುಕೊಂಡು ಅಜ್ಜಿ ಬಂದರು. ಒಂದು ಕಣ್ಣಿಗೆ ಬಿಳಿ ಪಟ್ಟಿ ಇತ್ತು. ಇನ್ನೊಂದಕ್ಕೆ ಮೊದಲಿನ ಹಾಗೆ ಮಂಜು ಮಂಜು. ಅಮ್ಮ ಚಹಾ ಸುರಿದು, ಜಾಮ್ ಇಟ್ಟು, ಕೂತುಕೊಳ್ಳಿ ಎಂದರು. ಅಜ್ಜಿ ಕೂರಲಿಲ್ಲ.

"ಮೊದಲು ನನ್ನ ಸಸಿ ತೋರಿಸು ಮಗಾ," ಎಂದರು.

ನುರಿಜಾ ಅವರ ಕೈ ಹಿಡಿದು ಕಿಟಕಿಯ ಹತ್ತಿರ ಕರೆದುಕೊಂಡು ಹೋದಳು. ಅಜ್ಜಿ ಕಪ್ಪನ್ನು ಮುಟ್ಟಿದರು, ಮಣ್ಣನ್ನು ಮುಟ್ಟಿದರು. ಕಾಂಡದ ಬುಡದಿಂದ ಬೆರಳು ಮೇಲಕ್ಕೆ ಹೋಯಿತು. ಹೋಗುತ್ತಲೇ ಇತ್ತು.

"ಇದೇನಿದು, ಮುಗಿಯೋದೇ ಇಲ್ವಲ್ಲ," ಎಂದರು ಅಜ್ಜಿ.

ನುರಿಜಾ ಅಳತೊಡಗಿದಳು. ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಹನ್ನೊಂದು ಮಲಗಿದ್ದು, ಫೋನಿನಲ್ಲಿ ಸುಳ್ಳು ಹೇಳಿದ್ದು, ನಿನ್ನೆ ಸಂಜೆಯ ಕೆಟ್ಟ ಯೋಚನೆ, ಯಾವುದನ್ನೂ ಬಿಡಲಿಲ್ಲ. "ಆದ್ರೆ ನೀವು ಹೇಳಿದ ದಿನಾನೇ ಹಾಕಿದ್ದಜ್ಜಿ," ಎಂದಳು. "ಮೊದಲನೇ ಮರಿ ಹುಟ್ಟಿದ ದಿನಾನೇ."

ಅಜ್ಜಿ ಬೈಯಲಿಲ್ಲ. ಕಿಟಕಿಯ ಕೆಳಗೆ ಕೈ ಚಾಚಿ ಹೀಟರ್ ಮುಟ್ಟಿ, ಬಿಸಿ ತಾಗಿ ಕೈ ಹಿಂದಕ್ಕೆಳೆದುಕೊಂಡರು.

"ಇದು ರಾತ್ರಿ ಆರೋದಿಲ್ವಾ?"

"ಇಲ್ಲ. ಏಪ್ರಿಲ್ ತನಕ ಹೀಗೇ ಇರತ್ತೆ."

ಅಜ್ಜಿ ಅಲ್ಲೇ ಸ್ಟೂಲಿನ ಮೇಲೆ ಕೂತರು. ಏನೋ ಹುಡುಕುವವರ ಹಾಗೆ ನಿಧಾನವಾಗಿ ಹೇಳುತ್ತ ಹೋದರು. ಹಳ್ಳಿಯಲ್ಲಿ ಮೊದಲ ಮರಿ ಹುಟ್ಟಿದರೆ ಅದನ್ನು ಕೊಟ್ಟಿಗೆಯಲ್ಲಿ ಬಿಡುವಂತಿಲ್ಲ, ಚಳಿಗೆ ಸತ್ತೇ ಹೋಗುತ್ತದೆ. ಮನೆಯೊಳಗೆ ತಂದು ಮಲಗಿಸಬೇಕು. ಆ ಮರಿಗೋಸ್ಕರ ಒಲೆಯನ್ನು ಆರಲು ಬಿಡುತ್ತಿರಲಿಲ್ಲ. ಆ ಶಾಖಕ್ಕೇ ಬೀಜವೂ ಮೊಳೆಯುತ್ತಿತ್ತು. ಹತ್ತು ದಿನವಾದ ಮೇಲೆ ಮರಿ ಕೊಟ್ಟಿಗೆಗೆ, ಒಲೆ ಬೂದಿಗೆ. ಕಿಟಕಿಗಾಜಿನ ಒಳಗಡೆಯೇ ಮಂಜು ಕಟ್ಟುತ್ತಿತ್ತು. ಸಸಿಗಳು ಆ ಚಳಿಗೆ ಮುದುಡಿಕೊಂಡು, ಎತ್ತರಕ್ಕೆ ಹೋಗದೆ ಗಿಡ್ಡಗೆ ಗಟ್ಟಿಯಾಗಿ ನಿಲ್ಲುತ್ತಿದ್ದವು.

"ಮರಿ ನೋಡ್ಕೊಂಡು ಹಾಕ್ತಿದ್ದದ್ದಲ್ಲ ಕಣೇ, ಒಲೆ ನೋಡ್ಕೊಂಡು," ಎಂದರು ಅಜ್ಜಿ. "ಎಷ್ಟು ವರ್ಷ ಆಯ್ತೋ ಏನೋ. ನಂಗೇ ಮರೆತುಹೋಗಿತ್ತು ನೋಡು."

ನುರಿಜಾ ಕಣ್ಣೊರೆಸಿಕೊಂಡಳು. ಸದ್ಯ, ಸರಿಯಾದ ದಿನ ಈಗ ತಿಳಿಯುತ್ತದೆ.

"ಹಾಗಾದ್ರೆ ಇಲ್ಲಿ ಯಾವತ್ತು ಹಾಕ್ಬೇಕಜ್ಜಿ?"

ಅಜ್ಜಿ ಬಿಸಿ ತಾಗಿದ ಬೆರಳನ್ನು ಉಜ್ಜಿಕೊಂಡರು.

"ನಂಗೊತ್ತಿಲ್ಲ ಮಗಾ," ಎಂದರು.

ನುರಿಜಾ ಅವರ ಮುಖವನ್ನೇ ನೋಡಿದಳು. ಅಜ್ಜಿಗೆ ಗೊತ್ತಿಲ್ಲದ್ದು ಒಂದಿದೆ ಎಂದು ಅವಳು ಅಂದುಕೊಂಡೇ ಇರಲಿಲ್ಲ. ಅಜ್ಜಿ ಅಡುಗೆಮನೆಯ ಕಡೆಗೊಮ್ಮೆ ತಿರುಗಿ, ಅಮ್ಮನಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದರು.

"ಇಲ್ಲಿ ಒಲೆ ಇಲ್ಲ, ಕೊಟ್ಟಿಗೆ ಇಲ್ಲ. ಬೆಳಿಗ್ಗೆ ಎದ್ರೆ ಏನು ಮಾಡ್ಬೇಕು ಅಂತಾನೇ ನಂಗೆ ತೋಚೋದಿಲ್ಲ. ಇನ್ನು ಬೀಜದ ಮಾತು ಏನು ಹೇಳ್ಲಿ? ಈ ಕಿಟಕಿ ಹತ್ರ ಒಂದು ತಿಂಗಳಿಂದ ಇರೋಳು ನೀನು. ಬಿಸಿಲು ಎಷ್ಟು ಹೊತ್ತು ಬರತ್ತೆ, ನೀನೇ ಹೇಳು."

ತನಗೇನು ಗೊತ್ತು ಎನ್ನಲು ನುರಿಜಾ ಬಾಯಿ ತೆರೆದಳು. ಆದರೆ ಅವಳಿಗೆ ಗೊತ್ತಿತ್ತು. ಫೆಬ್ರವರಿಯಲ್ಲಿ ಬಿಸಿಲೇ ಇರಲಿಲ್ಲ, ಎದುರು ಬಿಲ್ಡಿಂಗ್ ಅಡ್ಡ ನಿಂತಿತ್ತು. ಈಚೆಗೆ ಅವಳು ಸ್ಕೂಲಿಂದ ಬರುವ ಹೊತ್ತಿಗೆ ಎಡಗಡೆಯ ಮೂಲೆಗೆ ಬೀಳುತ್ತದೆ. ಮೊದಲು ಒಂದೇ ಕಪ್ಪಿಗೆ ಬೀಳುತ್ತಿತ್ತು, ಆಮೇಲೆ ಎರಡಕ್ಕೆ, ಈಗ ಐದನೆಯದರ ತನಕ ಬಂದಿದೆ. ಹೇಳುತ್ತ ಹೇಳುತ್ತ ಅವಳು ಥಟ್ಟನೆ ನಿಲ್ಲಿಸಿದಳು.

"ಅಜ್ಜಿ, ನಿಂತಿರೋ ಐದೂ ಆ ಕಡೇವೇ."

ಅಜ್ಜಿಯ ಮುಖ ಅರಳಿತು. ಮಲಗಿದವು ಬುಡದಲ್ಲೇ ಬಾಡಿವೆ, ಆದರೆ ಆ ಐದನ್ನೂ ಎಲೆಯ ತನಕ ಮಣ್ಣಲ್ಲಿ ಹೂತರೆ ಬದುಕಿಕೊಳ್ಳುತ್ತವೆ, ಟೊಮೆಟೊ ಕಾಂಡಕ್ಕೂ ಬೇರು ಬರುತ್ತದೆ, ಇದು ಮಾತ್ರ ಒಲೆ ಇದ್ದರೂ ಇಲ್ಲದಿದ್ದರೂ ನಿಜ ಎಂದರು. ಇಬ್ಬರೂ ಸೇರಿ ಹೂತರು. ಅಜ್ಜಿಯ ಬೆರಳು ಮಣ್ಣು ಒತ್ತಿತು, ನುರಿಜಾ ಸಸಿ ಹಿಡಿದುಕೊಂಡಳು. ಹೀಟರಿನ ಶಾಖ ತಾಗದಿರಲೆಂದು ಕಪ್ಪುಗಳ ಕೆಳಗೆ ಹಲಗೆ ಇಟ್ಟರು.

"ಉಳಿದ ಬೀಜಾನ ಕಿಟಕಿ ಪೂರ್ತಿ ಬಿಸಿಲು ಬಂದ ದಿನ ಹಾಕೋಣ್ವಾ?" ಎಂದಳು ನುರಿಜಾ. ಹೇಳಿದ ಮೇಲೆ ಅವಳಿಗೇ ಹೆದರಿಕೆಯಾಯಿತು. ಅದು ಕ್ಯಾಲೆಂಡರಿನಲ್ಲೂ ಇರಲಿಲ್ಲ, ಪುಸ್ತಕದಲ್ಲೂ ಇರಲಿಲ್ಲ. "ಸರಿ ಹೋಗತ್ತೋ ಇಲ್ವೋ ಗೊತ್ತಿಲ್ಲ."

"ನಂಗೂ ಗೊತ್ತಿಲ್ಲ," ಎಂದರು ಅಜ್ಜಿ. "ಹಾಕಿ ನೋಡೋಣ."

ಮರುದಿನ ಭಾನುವಾರ. ನುರಿಜಾ ಎದ್ದು ಬಂದಾಗ ಅಜ್ಜಿ ತಲೆಗೆ ವಸ್ತ್ರ ಕಟ್ಟಿಕೊಂಡು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಆಪರೇಷನ್ನಿಗೆ ಹೋಗುವ ಮೊದಲು ಚಳಿಗಾಲವಿಡೀ ಅವರು ಬೆಳಿಗ್ಗೆ ಹಾಗೇ ಕೂರುತ್ತಿದ್ದರು. ಯಾರೋ ಬರುತ್ತಾರೆಂದು ಕಾಯುತ್ತಾರೆ ಎಂದುಕೊಂಡು ನುರಿಜಾ ಅವರ ಮುಂದೆಯೇ ಬ್ಯಾಗ್ ಹಾಕಿಕೊಂಡು ಸ್ಕೂಲಿಗೆ ಓಡುತ್ತಿದ್ದಳು. ಇವತ್ತು ಹಾಗನ್ನಿಸಲಿಲ್ಲ, ಬೆಳಿಗ್ಗೆ ಎದ್ದರೆ ಏನೂ ತೋಚುವುದಿಲ್ಲ ಎಂದು ಅಜ್ಜಿ ನಿನ್ನೆ ಹೇಳಿದ್ದು ನೆನಪಾಯಿತು.

ಅವಳು ಇನ್ನೊಂದು ಕುರ್ಚಿಯನ್ನು ಎಳೆದು ಕಿಟಕಿಯ ಹತ್ತಿರ ಹಾಕಿದಳು.

"ಅಜ್ಜಿ, ಇಲ್ಲಿ ಬನ್ನಿ. ಇವತ್ತು ಆರನೇ ಕಪ್ಪಿಗೆ ಬರತ್ತಾ ನೋಡ್ಬೇಕು. ಒಬ್ಳಿಗೇ ಆಗೋದಿಲ್ಲ."

ಅಜ್ಜಿ ಗೋಡೆ ಹಿಡಿದುಕೊಂಡು ಬಂದು ಕೂತರು. ಬಿಸಿಲು ಬರುವುದಕ್ಕೆ ಇನ್ನೂ ಬಹಳ ಹೊತ್ತಿತ್ತು. ಇಬ್ಬರೂ ಅಲ್ಲೇ ಚಹಾ ಕುಡಿಯುತ್ತ ಕಾದರು.