ಅಳಿವೆಕೋಟೆಯ ಎರಡು ಪತ್ರಗಳು

ಕೊಲಂಬೊ ಜಪಾನೀಯರ ವಶವಾಯಿತೆಂಬ ಸುದ್ದಿ ಅಳಿವೆಕೋಟೆಗೆ ಮುಟ್ಟಿದ ವಾರದಲ್ಲಿ ಆ ರಾಜಧಾನಿಯ ದರ್ಜಿಬೀದಿಗೆ ಬಿಡುವೆಂಬುದೇ ಇರಲಿಲ್ಲ. ಮುಂಬಾಗಿಲಲ್ಲಿ ಕುಳಿತು ಆಂಗ್ಲ ಚಕ್ರವರ್ತಿಯ ಬಾವುಟ ಹೊಲಿದ ಕೈಗಳೇ ಹಿಂಬಾಗಿಲಲ್ಲಿ ಬಿಳಿಯ ಬಟ್ಟೆಯ ಮೇಲೆ ಕೆಂಪು ಸೂರ್ಯನನ್ನು ಹೊಲಿಯುತ್ತಿದ್ದವು. ಕಡಲಿಗೆ ಮುಖಮಾಡಿದ ಅರಮನೆ, ಕೆಂಪುಕಲ್ಲಿನ ಕೋಟೆ, ಅಳಿವೆಯಲ್ಲಿ ಸಾಲುಗಟ್ಟಿದ ದೋಣಿಗಳು ಎಂದಿನಂತೆ ಬಿಸಿಲಿಗೆ ಹೊಳೆಯುತ್ತಿದ್ದವು. ಕೊಳೆತಿದ್ದದ್ದು ಒಳಗಿನ ಮನುಷ್ಯರು. ಮೂರು ತಲೆಮಾರು ಆಂಗ್ಲ ಸರಕಾರದ ಪ್ರತಿನಿಧಿಗಳಾದ ರೆಸಿಡೆಂಟರ ಬೂಟಿನ ಧೂಳನ್ನು ಪ್ರಸಾದವೆಂಬಂತೆ ಕಂಡ ಸರದಾರರು ಈಗ ನಿಲುವುಗನ್ನಡಿಯ ಮುಂದೆ ಜಪಾನೀಯರಂತೆ ಸೊಂಟ ಬಗ್ಗಿಸಲು ಅಭ್ಯಾಸ ಮಾಡುತ್ತಿದ್ದರು. ಹೊಟ್ಟೆ ಅಡ್ಡ ಬಂದವರಿಗೆ ಆಳುಗಳು ಬೆನ್ನು ಒತ್ತಿ ನೆರವಾಗುತ್ತಿದ್ದರು.

ದಿವಾನ ಶಂಭುಲಿಂಗರಾಯರು ಇವರೆಲ್ಲರಿಗಿಂತ ಜಾಣರು. ಅವರು ಎರಡು ಪತ್ರ ಬರೆಸಿ, ಹತ್ತೊಂಬತ್ತು ತುಂಬಿದ ಅರಸ ಭೈರವಾದಿತ್ಯನಿಂದ ಎರಡಕ್ಕೂ ರಾಜಮುದ್ರೆ ಒತ್ತಿಸಿಟ್ಟಿದ್ದರು. ಒಂದು ಆಂಗ್ಲರಿಗೆ ನಿಷ್ಠೆ, ಇನ್ನೊಂದು ಜಪಾನೀಯರಿಗೆ ಸ್ವಾಗತ. ಎರಡರಲ್ಲೂ ಬದಲಾಗದ ಸಾಲೊಂದಿತ್ತು: ಕಡಲಕೇರಿಯ ಎಂಟುನೂರು ಗಂಡಸರನ್ನು ವಿಮಾನನೆಲೆಯ ಕೂಲಿಗೆ, ಯುದ್ಧ ಮುಗಿಯುವವರೆಗೆ, ಬೇಕಾದಲ್ಲಿಗೆ ಒಯ್ಯಬಹುದು. ಹಿಂದೊಮ್ಮೆ ಹಾಗೆ ಹೋದ ಇನ್ನೂರು ಜನರಲ್ಲಿ ಒಬ್ಬನೂ ಮರಳಿರಲಿಲ್ಲ.

ಆ ಸಂಸ್ಥಾನದಲ್ಲಿ ಹಳೆಯ ಕಟ್ಟಳೆಯೊಂದು ನಡೆದುಬಂದಿತ್ತು. ಮುದ್ರೆ ಬಿದ್ದ ಪತ್ರವನ್ನು ರಾಯಸದವರು, ಎಂದರೆ ಅರಸನ ಪತ್ರಗಳನ್ನು ಕಾಯ್ದು ಓದುವ ಅಧಿಕಾರಿ, ಪ್ರಜೆಗಳು ನೆರೆದ ಓಲಗದಲ್ಲಿ ಗಟ್ಟಿಯಾಗಿ ಓದಿದ ಮೇಲೆಯೇ ಅದು ಊರ್ಜಿತ. ಆಗ ಆ ಸ್ಥಾನದಲ್ಲಿದ್ದವರು ಐವತ್ತೆಂಟರ ಅನಂತಪ್ಪಯ್ಯ.

"ನಾಳೆ ಮೊದಲನೆಯದನ್ನು ಓದಿ, ರಾಯಸದವರೇ," ಎಂದರು ದಿವಾನರು. "ಎರಡನೆಯದು ಜಪಾನಿ ಹಡಗು ಕಂಡ ದಿನಕ್ಕೆ."

"ಇಬ್ಬರ ಹಡಗೂ ಒಂದೇ ದಿನ ಕಂಡರೆ, ಸ್ವಾಮಿ?"

"ಕುಚೋದ್ಯ ಬೇಡ."

"ಆ ಎಂಟುನೂರು ಜನರ ಹೆಸರಾದರೂ ತಾವು ಕೇಳಿದ್ದುಂಟೆ?"

"ಮೀನು ಹಿಡಿಯುವವರಿಗೆ ಹೆಸರೇನ್ರೀ? ತಲೆ ಎಣಿಸಿದರೆ ಸಾಕು," ಎಂದು ದಿವಾನರು ಅಡಿಕೆಹೋಳನ್ನು ಬಾಯಿಗೆ ಹಾಕಿಕೊಂಡರು. ಅವರು ಅಗಿಯುವುದನ್ನು ನೋಡಲಾರದೆ ಅನಂತಪ್ಪಯ್ಯ ಮುಖ ತಿರುಗಿಸಿದರು.

ಮರುದಿನ ಓಲಗ ಕಿಕ್ಕಿರಿದಿತ್ತು. ಅನಂತಪ್ಪಯ್ಯ ಮೊದಲ ಪತ್ರ ಓದಿದರು. ಇಪ್ಪತ್ತು ವರ್ಷದಿಂದ ಕನ್ನಡ ಬಲ್ಲ ರೆಸಿಡೆಂಟ್ ಹಾರ್ಗ್ರೀವ್ಸ್ ಸಂತೋಷದಿಂದ ತಲೆದೂಗಿದ. ಆಮೇಲೆ ಅವರು ಅದೇ ಧ್ವನಿಯಲ್ಲಿ ಎರಡನೆಯದನ್ನೂ ಓದಿದರು. ಕಡಲಕೇರಿಯ ಜನ ತಮ್ಮನ್ನು ಎರಡು ಸಲ ಮಾರಿದ್ದನ್ನು ಕಿವಿಯಾರೆ ಕೇಳಿದರು.

"ಏನಿದು, ದಿವಾನ್?" ಎಂದು ಹಾರ್ಗ್ರೀವ್ಸ್ ಗರ್ಜಿಸಿದ.

"ಖೋಟಾ ಮುದ್ರೆ, ಪ್ರಭು! ಈ ಮುದುಕನಿಗೆ ಹುಚ್ಚು!"

"ಖೋಟಾ ಅಲ್ಲವಾದರೆ ನಿಮ್ಮ ಅರಸರಿಗೆ ಗಡೀಪಾರು. ಖೋಟಾ ಆದರೆ, ಮಾಡಿದವನಿಗೆ ಗುಂಡು."

ಭೈರವಾದಿತ್ಯ ಎದ್ದು ನಿಂತ. "ಮುದ್ರೆ ಒತ್ತಿದ್ದು..."

ಹುಡುಗ ಒಪ್ಪಿಕೊಂಡಾನೆಂದು ಅನಂತಪ್ಪಯ್ಯ ಎಣಿಸಿರಲಿಲ್ಲ. ಅರಸ ಗಡೀಪಾರಾದರೆ ಸಂಸ್ಥಾನ ದಿವಾನರ ಕೈಗೆ, ಎಂಟುನೂರು ಜನ ಹಡಗಿಗೆ. ಅನಂತಪ್ಪಯ್ಯ ಮುಂದೆ ಬಂದರು.

"ಮಹಾಸ್ವಾಮಿಯವರು ಕುಳಿತುಕೊಳ್ಳಬೇಕು. ದಿವಾನರ ಮಾತು ನಿಜ. ಖೋಟಾ ಮುದ್ರೆ ಒತ್ತಿದವನು ನಾನು, ಎರಡು ಪತ್ರಕ್ಕೂ."

"ಎರಡಕ್ಕೂ ಅಲ್ಲ!" ದಿವಾನರ ಧ್ವನಿ ಕೀರಲಾಯಿತು. "ಮೊದಲನೆಯದು ಸರಿಯಾಗಿದೆ!"

"ಒಂದೇ ಕೈಬರಹ, ಒಂದೇ ಮುದ್ರೆ. ಸಾಹೇಬರೇ ನೋಡಲಿ. ಒಂದು ಖೋಟಾ ಎಂದು ತಾವೇ ತುಂಬಿದ ಸಭೆಯಲ್ಲಿ ಹೇಳಿದಿರಿ, ದಿವಾನರೇ."

ಹಾರ್ಗ್ರೀವ್ಸ್ ಎರಡನ್ನೂ ಬೆಳಕಿಗೆ ಹಿಡಿದ. ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಎರಡನ್ನೂ ಹರಿದೆಸೆದ. ಸತ್ಯವೇನೆಂದು ಅವನಿಗೂ ತಿಳಿದಿತ್ತು; ಆದರೆ ಅರಸನನ್ನು ಗಡೀಪಾರು ಮಾಡುವ ತಂಟೆಗಿಂತ ಗುಮಾಸ್ತನೊಬ್ಬನ ಪ್ರಾಣ ಅಗ್ಗವಾಗಿತ್ತು.

ಅನಂತಪ್ಪಯ್ಯನವರನ್ನು ಕಾಣಲು ಸೆರೆಮನೆಗೆ ಬಂದ ಅರಸನ ಕಣ್ಣು ಕೆಂಪಾಗಿತ್ತು. "ನನ್ನ ತಪ್ಪಿಗೆ ನೀವೇಕೆ?"

"ಮುದ್ರೆ ಒತ್ತುವ ಮೊದಲು ಪತ್ರವನ್ನು ಓದಿಸಿ ಕೇಳಿ, ಮಹಾಸ್ವಾಮಿ. ಇನ್ನು ಮುಂದಾದರೂ."

ಮರುದಿನ ಬೆಳಿಗ್ಗೆ ಬಂದರಿನ ಗೋಡೆಗೆ ನಿಲ್ಲಿಸಿ ಅನಂತಪ್ಪಯ್ಯನವರಿಗೆ ಗುಂಡಿಕ್ಕಿದರು. ಗುಂಡಿನ ಸದ್ದು ಆರುವ ಮೊದಲೇ ದಿವಾನರು ಹೊಸ ಪತ್ರ ಹಿಡಿದು ಅರಮನೆಗೆ ಹೋದರು. ಅರಸ ಅದನ್ನು ಪೂರ್ತಿ ಓದಿಸಿ ಕೇಳಿದ; ಎಂಟುನೂರು ಜನರ ಸಾಲು ಬಂದಾಗ ಮುದ್ರೆಯನ್ನು ನಡುಕಟ್ಟಿನೊಳಗೆ ಸೇರಿಸಿ, "ಹೊರಡಿ," ಎಂದ.

ದ್ರೋಹಿಯ ಮನೆಗೆ ಯಾರೂ ಹೋಗಕೂಡದೆಂದು ದಿವಾನರು ಹೇಳಿಕಳುಹಿಸಿದ್ದರಿಂದ ಅಗ್ರಹಾರದ ಬಾಗಿಲುಗಳೆಲ್ಲ ಮುಚ್ಚಿದವು. ನಿನ್ನೆಯವರೆಗೆ ಅನಂತಪ್ಪಯ್ಯನವರ ಜಗಲಿಯಲ್ಲಿ ಕಾಫಿ ಕುಡಿದವರು ಕಿಟಕಿಯ ಸಂದಿಯಿಂದ ಇಣುಕಿದರು. ಹೆಣ ಎತ್ತಲು ನಾಲ್ಕು ಹೆಗಲು ಸಿಗಲಿಲ್ಲ. ಬಿಸಿಲೇರಿದಾಗ ಕಡಲಕೇರಿಯ ಗಂಡಸರು ಬಂದು ಬೀದಿಯ ತುಂಬ ನಿಂತರು.

ಹೆದರುತ್ತಲೇ ಬಂದಿದ್ದ ಪುರೋಹಿತರು ಪಿಸುಗುಟ್ಟಿದರು: "ತುಂಗಕ್ಕಾ, ಇವರು ಮುಟ್ಟಿದರೆ ಮೈಲಿಗೆಯಲ್ಲವೆ?"

ಅನಂತಪ್ಪಯ್ಯನವರ ಹೆಂಡತಿ ಹೊಸ್ತಿಲಿನಿಂದ ಏಳಲಿಲ್ಲ. "ಈ ಹೆಗಲುಗಳು ಊರಲ್ಲಿ ಉಳಿಯಲಿ ಎಂದೇ ಅವರು ಹೋದದ್ದು, ಭಟ್ಟರೇ. ಎತ್ತಲಿ."

ಎತ್ತಿದರು. ಮಸಣದ ದಾರಿ ಎಂಟುನೂರು ಜನಕ್ಕೆ ಸಾಲದೆ, ಹತ್ತು ಹೆಜ್ಜೆಗೊಮ್ಮೆ ಹೆಗಲು ಬದಲಾಯಿತು.